ಯಾರು ಬೇಕಾದರೂ ಕಿತ್ತುಕೊಳ್ಳುವಂಥ ಸೊಪ್ಪು-ತರಕಾರಿ ತೋಟ: ಪಾರ್ಕಿನ ಪಕ್ಕದ 20×60 ಅಡಿ ಪಟ್ಟಿಯಲ್ಲಿ ಹೇಗೆ ಮಾಡುವುದು?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ ನಮ್ಮದು. ಪಾರ್ಕಿನ ಕಾಂಪೌಂಡಿಗೂ ಒಳರಸ್ತೆಗೂ ನಡುವೆ 20 ಅಡಿ ಅಗಲ, 60 ಅಡಿ ಉದ್ದದ ಜಾಗ ಖಾಲಿ ಬಿದ್ದಿದೆ. ಮನೆ ಒಡೆದ ಡೆಬ್ರಿ ತಂದು ಸುರಿದು ಸುರಿದು ಒಂದಡಿ ಎತ್ತರ ಆಗಿದೆ. ಒಂದು ಮೂಲೆಯಲ್ಲಿ ದೊಡ್ಡ ಹೊಂಗೆ ಮರ ಇದೆ. ಉಳಿದ ಕಡೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಒಳ್ಳೇ ಬಿಸಿಲು. ಪಾರ್ಕಿನ ಬೋರ್‌ವೆಲ್ ನೀರು ದಿನ ಬಿಟ್ಟು ದಿನ ಒಂದು ಗಂಟೆ ಸಿಗುತ್ತದೆ.

ಇಲ್ಲಿ ತೋಟ ಮಾಡೋಣ ಅಂತ ಸಂಘದಲ್ಲಿ ಒಪ್ಪಿಗೆಯಾಗಿದೆ. ಮನೆಗೊಂದು ಮಡಿ ಅಂತ ಹಂಚಿಕೊಳ್ಳುವ ತೋಟ ಬೇಡ. ಬೇಲಿ ಇಲ್ಲ, ಬೀಗ ಇಲ್ಲ. ಬಡಾವಣೆಯವರಿರಲಿ, ಮನೆಕೆಲಸಕ್ಕೆ ಬರುವವರಿರಲಿ, ಪೌರಕಾರ್ಮಿಕರಿರಲಿ, ದಾರಿಹೋಕರಿರಲಿ, ಬೇಕಾದವರು ಬೇಕಾದಷ್ಟು ಕಿತ್ತುಕೊಳ್ಳಬೇಕು. ಕೇಳಬೇಕಾಗಿರುವುದು ಇಷ್ಟು: ಡೆಬ್ರಿ ತೆಗೆಸಲೇಬೇಕಾ, ಮೇಲೆಯೇ ಮಡಿ ಕಟ್ಟಬಹುದಾ? ಇಷ್ಟು ನೀರು ಸಾಲುತ್ತದಾ? ಏನೇನು ನೆಟ್ಟರೆ ಒಂದೇ ವಾರದಲ್ಲಿ ಖಾಲಿಯಾಗದೆ ಉಳಿಯುತ್ತದೆ? ಕೆಲಸಕ್ಕೆ ನಿಲ್ಲುವವರು ಐದಾರು ಜನ, ಅವರೂ ಭಾನುವಾರ ಮಾತ್ರ.

ಮಣ್ಣುಹುಳ:

ಮೊದಲು ಮಣ್ಣು ಮತ್ತು ನೀರಿನ ವಿಚಾರ.

ಡೆಬ್ರಿ ಎಲ್ಲ ತೆಗೆಸುವ ಅಗತ್ಯ ಇಲ್ಲ, ಆದರೆ ಅದರಲ್ಲಿ ನೇರವಾಗಿ ಏನನ್ನೂ ನೆಡಬೇಡಿ. ಸುಣ್ಣ, ಸಿಮೆಂಟು ಇರುವ ಮಣ್ಣಿನಲ್ಲಿ ಕ್ಷಾರ ಹೆಚ್ಚು. ಒಂದು ಹಿಡಿ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಬುರುಬುರು ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಅಂಥ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕರಿಬೇವಿನಲ್ಲಿ ಇದು ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಸರಿಹೋಗುವುದಿಲ್ಲ.

ಆದ್ದರಿಂದ ಎತ್ತರಿಸಿದ ಮಡಿಯೇ ಸರಿ. ಅಗಲ 4 ಅಡಿ ಮೀರಬಾರದು. ಎರಡೂ ಕಡೆಯಿಂದ ಕೈ ನಡುವಿಗೆ ಸಿಗಬೇಕು, ಇಲ್ಲದಿದ್ದರೆ ಜನ ಮಡಿಯೊಳಗೆ ಕಾಲಿಟ್ಟು ಕೀಳುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಉದ್ದ 10 ಅಡಿ, ಮಡಿ-ಮಡಿಗೆ 3 ಅಡಿ ದಾರಿ. ರಸ್ತೆಗೆ ಅಡ್ಡವಾಗಿ ಜೋಡಿಸಿದರೆ 60 ಅಡಿಯಲ್ಲಿ ಎಂಟು ಮಡಿ ಹಿಡಿಯುತ್ತವೆ. ಹಿಂದೆ ಕಾಂಪೌಂಡಿನ ಕಡೆ 10 ಅಡಿ ಉಳಿಯುತ್ತದೆ, ಅದು ಚಪ್ಪರಕ್ಕೆ ಮತ್ತು ಹಣ್ಣಿನ ಗಿಡಕ್ಕೆ.

16×8×6 ಇಂಚಿನ ಸಾಲಿಡ್ ಬ್ಲಾಕ್ ಎರಡು ವರಸೆ ಇಟ್ಟರೆ ಮಡಿಗೆ ಸುಮಾರು 44 ಬ್ಲಾಕ್ ಬೇಕು. ಸುಮ್ಮನೆ ಒಂದರ ಮೇಲೊಂದು ಪೇರಿಸಬೇಡಿ. ಮಕ್ಕಳು ಹತ್ತುತ್ತಾರೆ, ಬ್ಲಾಕ್ ಜಾರುತ್ತದೆ, ರಾತ್ರಿ ಯಾರಾದರೂ ಎತ್ತಿಕೊಂಡೂ ಹೋಗುತ್ತಾರೆ. 1:6 ಸಿಮೆಂಟು-ಮರಳಿನ ಗಾರೆಯಲ್ಲಿ ಕಟ್ಟಿಸಿ. ಕೆಳ ವರಸೆಯಲ್ಲಿ ಮೂರು ಅಡಿಗೊಂದು ಕಡೆ ಗಾರೆ ಬಿಟ್ಟು ನೀರು ಹೋಗಲು ಸಂದು ಇರಲಿ. ತುಂಬುವ ಮೊದಲು ತಳಕ್ಕೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್ ಹಾಸಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಬೆಂಗಳೂರಿನಲ್ಲಿ ಹೆಗ್ಗಣ ಇಲ್ಲದ ಮೋರಿ ಇಲ್ಲ. ಮೆಷ್ ಇಲ್ಲದ ಮಡಿಗೆ ಅವು ಕೆಳಗಿನಿಂದ ಬಿಲ ಕೊರೆದುಕೊಂಡು ಬರುತ್ತವೆ. ಹಾಕಿದ ನೀರೆಲ್ಲ ಆ ಬಿಲದಲ್ಲೇ ಇಳಿದುಹೋಗುತ್ತದೆ.

15 ಇಂಚು ಆಳ ತುಂಬಲು ಒಂದು ಮಡಿಗೆ 50 ಘನ ಅಡಿ ಬೇಕು. ಅರ್ಧ, ಅಂದರೆ 25 ಘನ ಅಡಿ, ಕೆಂಪು ಮಣ್ಣು. ಒಂದು ಟನ್ ತೂಗುತ್ತದೆ. 15 ಘನ ಅಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. 10 ಘನ ಅಡಿ ನೆನೆಸಿದ ತೆಂಗಿನ ನಾರಿನ ಪುಡಿ. 5 ಕೆಜಿಯ ಕೋಕೋಪೀಟ್ ಇಟ್ಟಿಗೆ ಸುಮಾರು 70 ಲೀಟರ್‌ವರೆಗೆ ಅರಳುತ್ತದೆ, ನಾಲ್ಕು ಇಟ್ಟಿಗೆ ಸಾಕು. ಮೇಲೆ 5 ಕೆಜಿ ಬೇವಿನ ಹಿಂಡಿ. ಅರೆಕಳಿತ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಆದರೆ ಜರಡಿ ಹಿಡಿದೇ ಹಾಕಿ. ಅದರಲ್ಲಿ ಗಾಜಿನ ಚೂರು ಇರುತ್ತದೆ, ಇಲ್ಲಿ ಬರಿಗೈಯಲ್ಲಿ ಕೀಳುವವರು ಮಕ್ಕಳೂ ಹೌದು. ಮೂರು ತಿಂಗಳಲ್ಲಿ ಮಣ್ಣು ಎರಡು-ಮೂರು ಇಂಚು ಕುಸಿಯುತ್ತದೆ, ಅದಕ್ಕೆ ಗೊಬ್ಬರ ಉಳಿಸಿಕೊಂಡಿರಿ.

ನೀರು: 40 ಚದರ ಅಡಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20 ಲೀಟರ್. ಎಂಟು ಮಡಿಗೆ 160. ದಿನ ಬಿಟ್ಟು ದಿನ ನೀರು ಬರುವುದರಿಂದ 320 ಲೀಟರ್ ಹಿಡಿದಿಟ್ಟುಕೊಳ್ಳಬೇಕು. 500 ಲೀಟರ್ ಟ್ಯಾಂಕ್ ಧಾರಾಳ ಸಾಕು, 6 ಅಡಿ ಸ್ಟ್ಯಾಂಡ್ ಮೇಲೆ ಕೂರಿಸಿ. 16 ಎಂಎಂ ಇನ್‌ಲೈನ್ ಡ್ರಿಪ್ (ಹನಿ ನೀರಾವರಿ) ಪೈಪು, 30 ಸೆಂಟಿಮೀಟರಿಗೊಂದು ತೂತು, ಮಡಿಗೆ ಮೂರು ಸಾಲು. ಒಂದೊಂದು ತೂತಿಗೂ ಗಂಟೆಗೆ 2 ಲೀಟರ್ ಅಂತ ಬರೆದಿರುತ್ತದೆ. ಆ ಲೆಕ್ಕದಲ್ಲಿ 20 ನಿಮಿಷಕ್ಕೆ 20 ಲೀಟರ್ ಬೀಳಬೇಕು. ಆದರೆ ಅದು ಪಂಪಿನ ಒತ್ತಡಕ್ಕೆ ಹೇಳಿದ ಲೆಕ್ಕ. 6 ಅಡಿ ಎತ್ತರದ ಟ್ಯಾಂಕಿನಿಂದ ಅರ್ಧಕ್ಕಿಂತ ಕಡಿಮೆ ಬೀಳುತ್ತದೆ, 45-50 ನಿಮಿಷ ಬಿಡಬೇಕು. ಇದು ಗೊತ್ತಿಲ್ಲದೆ ಅರ್ಧ ನೀರು ಕೊಟ್ಟು ಗಿಡ ಒಣಗಿಸುವವರೇ ಹೆಚ್ಚು. ಟ್ಯಾಂಕಿನ ಬಾಯಲ್ಲಿ ಸ್ಕ್ರೀನ್ ಫಿಲ್ಟರ್ ಹಾಕಿ ಪ್ರತಿ ಭಾನುವಾರ ತೊಳೆಯಿರಿ, ಬೋರ್‌ವೆಲ್ ಮಣ್ಣಿಗೆ ತೂತು ಬೇಗ ಕಟ್ಟುತ್ತದೆ. ಹಿತ್ತಾಳೆ ನಲ್ಲಿ ಹಾಕಬೇಡಿ, ಕಳುವಾಗುತ್ತದೆ. ಪ್ಲಾಸ್ಟಿಕ್ ಬಾಲ್ ವಾಲ್ವ್ ಸಾಕು.

ಹೊಂಗೆ ಕೆಳಗೆ ಮಡಿ ಕಟ್ಟಿದರೆ ವರ್ಷದೊಳಗೆ ಅದರ ಬೇರು ಮಡಿಯೊಳಗೆ ಹೊಕ್ಕಿರುತ್ತದೆ. ಆ ಮೂಲೆಯಲ್ಲಿ ಮಡಿ ಕಟ್ಟದೆ ಎಲೆಗೊಬ್ಬರದ ಬುಟ್ಟಿ ಇಡಿ. 4 ಅಡಿ ಎತ್ತರದ ಚೈನ್‌ಲಿಂಕ್ ಮೆಷ್ ಅನ್ನು 3 ಅಡಿ ಅಗಲಕ್ಕೆ ಸುತ್ತಿ ಕಟ್ಟಿದರೆ ಆಯಿತು. ಪಾರ್ಕಿನಲ್ಲಿ ಗುಡಿಸಿ ಸುಡುವ ಎಲೆ ಎಲ್ಲ ಅದಕ್ಕೆ ಹೋಗಲಿ.

ಬಸಳೆಚಪ್ಪರ:

ಮಣ್ಣುಹುಳ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಬೀಗವಿಲ್ಲದ ತೋಟ ಉಳಿಯುವುದು ಬಿಡುವುದು ಗಿಡದ ಆಯ್ಕೆಯಲ್ಲೇ ತೀರ್ಮಾನವಾಗುತ್ತದೆ, ಕಾವಲಿನಲ್ಲಿ ಅಲ್ಲ. ಎಲೆಕೋಸು, ಹೂಕೋಸು, ಮೂಲಂಗಿ, ಗೆಡ್ಡೆಕೋಸು ಬೇಡವೇ ಬೇಡ. ತಿಂಗಳುಗಟ್ಟಲೆ ಕಾದು ಬೆಳೆಸಿದ್ದನ್ನು ಒಬ್ಬರು ಕಿತ್ತರೆ ಮುಗಿಯಿತು, ಆಮೇಲೆ ಬಂದವರಿಗೆ ಬರೀ ಗುಂಡಿ. ಚಿವುಟಿದಷ್ಟೂ ಚಿಗುರುವಂಥವನ್ನೇ ಹಾಕಿ.

ಎಂಟು ಮಡಿಯಲ್ಲಿ ನಾಲ್ಕು ಪೂರ್ತಿ ಬಹುವಾರ್ಷಿಕ ಸೊಪ್ಪಿಗೆ ಇರಲಿ. ಚಕ್ರಮುನಿ: ಪೆನ್ಸಿಲ್ ದಪ್ಪದ ಕಡ್ಡಿ, ಒಂದಡಿ ಅಂತರ, ಸೊಂಟದೆತ್ತರಕ್ಕೆ ಕತ್ತರಿಸುತ್ತಿದ್ದರೆ ಬೇಲಿಯ ಹಾಗೆ ತುಂಬಿಕೊಳ್ಳುತ್ತದೆ. ಬಸಳೆ: ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಕಡ್ಡಿ ನೆಡಿ. ಎಲೆ ಮೇಲೆ ಕೆಂಪು ಅಂಚಿನ ಚುಕ್ಕೆ ಬಂದರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ, ನೀರನ್ನು ಎಲೆ ಮೇಲೆ ಹಾಕಬೇಡಿ. ಹೊನಗೊನೆ, ದೊಡ್ಡಪತ್ರೆ, ಒಂದೆಲಗ ಸುಲಭ. ಪುದೀನ ಮಾತ್ರ ಪ್ರತ್ಯೇಕ ತೊಟ್ಟಿಯಲ್ಲಿ, ಇಲ್ಲದಿದ್ದರೆ ಮಡಿಯೆಲ್ಲ ಅದೇ ಆಗುತ್ತದೆ. ಒಂದೆಲಗವನ್ನು ಹಸಿಯಾಗಿ ತಂಬುಳಿ ಮಾಡುವವರು ಜಾಸ್ತಿ. ಅದನ್ನು ನಾಯಿ ಕಾಲೆತ್ತುವ ದಾರಿಯಂಚಿನಲ್ಲಿ ನೆಲಮಟ್ಟಕ್ಕೆ ಹಾಕಬಾರದು, ಎತ್ತರದ ಮಡಿಯ ನಡುವೆ ಹಾಕಿ. ಚಕ್ರಮುನಿಯ ಫಲಕದಲ್ಲಿ "ಬೇಯಿಸಿ ತಿನ್ನಿ" ಅಂತ ಬರೆಯಲೇಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದವರ ಶ್ವಾಸಕೋಶ ಹಾಳಾಗಿತ್ತು. ಪಲ್ಯ, ಸಾರಿಗೆ ಹಾಕಿ ಮಿತವಾಗಿ ತಿಂದರೆ ತೊಂದರೆ ಇಲ್ಲ.

ಉಳಿದ ನಾಲ್ಕರಲ್ಲಿ ಸರದಿ ಬಿತ್ತನೆ. ಎಲ್ಲವನ್ನೂ ಒಂದೇ ಭಾನುವಾರ ಬಿತ್ತಿದರೆ ಒಂದೇ ವಾರ ಬೆಳೆದು ಒಂದೇ ವಾರ ಖಾಲಿಯಾಗುತ್ತದೆ. ವಾರಕ್ಕೆ ಒಂದೇ ಮಡಿ. ಹರಿವೆ ಮಡಿಗೆ 5 ಗ್ರಾಂ ಬೀಜ ಸಾಕು, ಒಂದು ಹಿಡಿ ಮರಳು ಬೆರೆಸಿ ಚೆಲ್ಲಿ. ಜತೆಗೆ ಒಂದಿಷ್ಟು ರವೆ ಬೆರೆಸಿದರೆ ಇರುವೆ ರವೆಯನ್ನು ಹೊತ್ತುಕೊಂಡು ಹೋಗಿ ಬೀಜವನ್ನು ಬಿಡುತ್ತದೆ. 25-30 ದಿನಕ್ಕೆ ಕೊಯ್ಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಮತ್ತೆ ಮತ್ತೆ ಕತ್ತರಿಸಲು ಹೇಳಿಮಾಡಿಸಿದ್ದು. ಮೆಂತ್ಯ 100 ಗ್ರಾಂ, ರಾತ್ರಿ ನೆನೆಸಿ ಬಿತ್ತಿ. ಕೊತ್ತಂಬರಿ 60 ಗ್ರಾಂ, ಕಾಳನ್ನು ಎರಡು ಹೋಳು ಮಾಡಿ. ಇವೆರಡೂ ಬೇರುಸಮೇತ ಹೋಗುವ ಸೊಪ್ಪು, ಹಾಗಾಗಿ ಒಂದು ಮಡಿಗಿಂತ ಹೆಚ್ಚು ಕೊಡಬೇಡಿ. ಮಾರ್ಚ್-ಏಪ್ರಿಲ್‌ನಲ್ಲಿ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಆಗ ಅಲ್ಲಿ ದಂಟು ಹಾಕಿ.

ಕೀಳುವ ಕ್ರಮವನ್ನು ಗಿಡದ ಪಕ್ಕದಲ್ಲೇ ಬರೆದಿಡಿ, ಗೇಟಿನ ಬಳಿಯ ದೊಡ್ಡ ಬೋರ್ಡನ್ನು ಯಾರೂ ಓದುವುದಿಲ್ಲ. ಹರಿವೆಗೆ: "ಬೇರು ಕೀಳಬೇಡಿ, ನಾಲ್ಕು ಬೆರಳು ಬಿಟ್ಟು ಮೇಲೆ ಚಿವುಟಿ". ಕರಿಬೇವಿಗೆ ಚಿತ್ರ ಬರೆಸಿ. ಕೈಗೆ ಸಿಕ್ಕ ಗರಿಯನ್ನು ಕೆಳಕ್ಕೆ ಜಗ್ಗಿದಾಗ ಅದು ಬರಿದೇ ಬರುವುದಿಲ್ಲ, ಕಾಂಡದ ಹಸಿ ತೊಗಟೆಯ ಒಂದು ಎಳೆಯನ್ನೂ ಸುಲಿದುಕೊಂಡು ಬರುತ್ತದೆ. ಆ ಬಿಳೀ ಗಾಯ ಒಣಗಿ ಕಪ್ಪಾದ ಮೇಲೆ ಅಲ್ಲಿಂದ ಮುಂದೆ ರೆಂಬೆ ಸಾಯುತ್ತದೆ. ತುದಿಯನ್ನು ಎಳೆ ಗೆಣ್ಣಿನ ಮೇಲೆ ಮುರಿದರೆ ಅದೇ ಜಾಗದಲ್ಲಿ ಎರಡು ಚಿಗುರು ಒಡೆಯುತ್ತದೆ. ಈ ಒಂದು ವ್ಯತ್ಯಾಸ ಜನಕ್ಕೆ ಗೊತ್ತಾದರೆ ಕರಿಬೇವಿನ ಗಿಡ ಇಡೀ ಬೀದಿಗೆ ಒಗ್ಗರಣೆ ಒದಗಿಸುತ್ತದೆ. ಎರಡಲ್ಲ, ನಾಲ್ಕು ಗಿಡ ನೆಡಿ.

ಹಿಂದಿನ ಚಪ್ಪರಕ್ಕೆ ತೊಂಡೆ. ಕಾಯಿ ಬಿಡುವ ಬಳ್ಳಿಯಿಂದಲೇ ಕಡ್ಡಿ ತನ್ನಿ, ಗಂಡು ಬಳ್ಳಿ ಎಷ್ಟು ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಅವರೆಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 ತಳಿ ಮಡಿಯಲ್ಲೇ ಬೆಳೆಯುತ್ತವೆ, ಚಳಿಗಾಲಕ್ಕೆ ಕಾಯುವುದಿಲ್ಲ. ಸೋರೆ ಹಾಕಬೇಡಿ ಅನ್ನುತ್ತೇನೆ. ಒಮ್ಮೊಮ್ಮೆ ಕಹಿ ಕಾಯಿ ಬರುತ್ತದೆ, ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಜೀವ ಹೋದದ್ದಿದೆ. ಯಾರು ಒಯ್ಯುತ್ತಾರೆಂದು ಗೊತ್ತಿಲ್ಲದ ತೋಟದಲ್ಲಿ ಆ ಅಪಾಯ ಬೇಡ. ಇದೇ ಕಾರಣಕ್ಕೆ ಕಣಗಿಲೆ, ಉಮ್ಮತ್ತಿ, ಹರಳು ಎಲ್ಲಿ ಮೊಳೆತರೂ ಕಿತ್ತುಹಾಕಿ.

ನುಗ್ಗೆ ಬೇಕೇ ಬೇಕು ಅನ್ನುತ್ತಾರೆ ಎಲ್ಲರೂ. ಪಿಕೆಎಂ-1 ತಳಿಯ ಬೀಜದಿಂದ ಆರೆಂಟು ತಿಂಗಳಿಗೆ ಕಾಯಿ ಬರುತ್ತದೆ. ಮೂರಡಿ ಆದಾಗ ಕುಡಿ ಚಿವುಟಿ, ಪ್ರತಿ ವರ್ಷ ಫಸಲಾದ ಮೇಲೆ ಮೂರಡಿಗೇ ಕಡಿಯಿರಿ. ಬಿಟ್ಟರೆ ಇಪ್ಪತ್ತಡಿ ಹೋಗುತ್ತದೆ, ಕೊಂಬೆ ಪೆಳಸು, ಹತ್ತಿದವರು ಬೀಳುತ್ತಾರೆ. ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳು ಗುಂಪುಗಟ್ಟುತ್ತದೆ. ಜೋಕಾಲಿ, ಬೆಂಚು ಇರುವ ಕಡೆಯಿಂದ ದೂರ ಇರಲಿ.

ಗುಂಡುತೋಪು:

ಗಿಡ-ಮಣ್ಣು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಕಾಗದಪತ್ರದ ಕಡೆ ಒಂದೆರಡು ಮಾತು.

ಜಾಗ ಪಾರ್ಕಿಗೆ ಸೇರಿದ್ದೋ ರಸ್ತೆಗೆ ಸೇರಿದ್ದೋ ಮೊದಲು ನಕ್ಷೆ ತೆಗೆಸಿ ನೋಡಿ. ಪಾರ್ಕಿಗೆ ಸೇರಿದ್ದಾದರೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅನ್ವಯಿಸುತ್ತದೆ. ನೀವು ಬೇಲಿ-ಬೀಗ ಬೇಡ ಅಂದಿರುವುದು ನಿಮಗೆ ಅನುಕೂಲವೇ, ಜಾಗ ಸಾರ್ವಜನಿಕವಾಗಿಯೇ ಉಳಿಯುತ್ತದೆ. ತೋಟಗಾರಿಕೆ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯುವಾಗ ಒಂದು ಸಾಲು ಮರೆಯದೆ ಸೇರಿಸಿ: "ಈ ಜಾಗದ ಫಸಲನ್ನು ಹರಾಜು ಹಾಕುವುದಿಲ್ಲ, ಸಾರ್ವಜನಿಕರು ಉಚಿತವಾಗಿ ಕೊಯ್ದುಕೊಳ್ಳಬಹುದು." ಸಾಲುಮರದ ಹುಣಸೆ, ತೋಪಿನ ಮಾವು ಹರಾಜು ಹಾಕುವುದು ನಮ್ಮಲ್ಲಿ ಹಳೇ ರೂಢಿ. ಹಳೇ ಮೈಸೂರು ಸೀಮೆಯ ಗುಂಡುತೋಪುಗಳು ಊರಿಗೆಲ್ಲ ಸೇರಿದವು, ಆದರೂ ಅವುಗಳ ಫಸಲು ಬಹಳ ಕಡೆ ಹರಾಜು ಹಿಡಿದವನ ಪಾಲು. ಗಿಡ ದೊಡ್ಡದಾಗಿ ಫಲ ಬಂದಾಗ ಈ ತಕರಾರು ಏಳಬಾರದು.

ದೊಡ್ಡ ಮರ ನೆಡುವ ಮುನ್ನ ಎರಡು ಸಲ ಯೋಚಿಸಿ. 1976ರ ಮರ ಸಂರಕ್ಷಣಾ ಕಾಯ್ದೆಯ ಕೆಳಗೆ, ಬೆಳೆದ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಹಲಸು, ನೇರಳೆ ನೆಟ್ಟು ಹತ್ತು ವರ್ಷದ ಮೇಲೆ ಮಡಿಗೆಲ್ಲ ನೆರಳು ಅಂತ ಗೋಳಾಡಿದರೆ ಪ್ರಯೋಜನವಿಲ್ಲ. ಸೀಬೆ, ನಿಂಬೆ ಸಾಕು, ಎಂಟಡಿ ಅಂತರದಲ್ಲಿ. ನಿಂಬೆ ಮುಳ್ಳಿನದು, ಕಾಂಪೌಂಡಿನ ಕಡೆಗೆ ಇರಲಿ.

ಇಂಥ ತೋಟಗಳು ನಡೆದಿರುವ ಕಡೆ ಏನು ಮಾಡಿದ್ದಾರೆ ಅಂತ ನೋಡುವುದು ಒಳ್ಳೆಯದು. ಇಂಗ್ಲೆಂಡಿನ ಟಾಡ್‌ಮಾರ್ಡನ್ ಎಂಬ ಸಣ್ಣ ಪಟ್ಟಣದಲ್ಲಿ 2008ರಲ್ಲಿ ಪ್ಯಾಮ್ ವಾರ್‌ಹರ್ಸ್ಟ್, ಮೇರಿ ಕ್ಲಿಯರ್ ಮತ್ತು ಅವರ ಜತೆಗಾರರು ಶುರುಮಾಡಿದ್ದು "ಇನ್‌ಕ್ರೆಡಿಬಲ್ ಎಡಿಬಲ್". ಅವರು ಒಂದು ದೊಡ್ಡ ತೋಟ ಮಾಡಲಿಲ್ಲ. ಪೊಲೀಸ್ ಠಾಣೆಯ ಮುಂದೆ ಮುಸುಕಿನ ಜೋಳ, ಆರೋಗ್ಯ ಕೇಂದ್ರದ ಸುತ್ತ ಹಣ್ಣು ಮತ್ತು ಔಷಧಿ ಗಿಡ, ಕಾಲುವೆ ಬದಿಯಲ್ಲಿ ತರಕಾರಿ, ಹೀಗೆ ಜನ ಓಡಾಡುವಲ್ಲೆಲ್ಲ ಚಿಕ್ಕ ಚಿಕ್ಕ ಮಡಿ ಮಾಡಿದರು. ಜರ್ಮನಿಯ ಆಂಡರ್‌ನಾಖ್‌ನಲ್ಲಿ 2010ರಲ್ಲಿ ನಗರಸಭೆಯೇ ಹಳೇ ಕೋಟೆಯ ಪಕ್ಕ 101 ಬಗೆಯ ಟೊಮೆಟೊ ನೆಡಿಸಿ ಯಾರಾದರೂ ಕಿತ್ತುಕೊಳ್ಳಿ ಎಂದಿತು. ಅಲ್ಲಿ ನಿರ್ವಹಣೆ ಸ್ವಯಂಸೇವಕರ ಮೇಲೆ ಬಿಟ್ಟಿಲ್ಲ. ಬಹುಕಾಲ ಕೆಲಸವಿಲ್ಲದೆ ಇದ್ದವರನ್ನು ತೋಟದ ಕೆಲಸಕ್ಕೆ ತೆಗೆದುಕೊಂಡರು. ಸಿಯಾಟಲ್‌ನ ಬೀಕನ್ ಫುಡ್ ಫಾರೆಸ್ಟ್ 2012ರಲ್ಲಿ ಶುರುವಾದದ್ದು, ಜಾಗ ನಗರದ ನೀರು ಸರಬರಾಜು ನೋಡಿಕೊಳ್ಳುವ ಸಂಸ್ಥೆಯದು. ಮೂರೂ ಕಡೆ ಸಮಾನವಾದ ಒಂದು ಸಂಗತಿ ಇದೆ: ಗಿಡ ದಾರಿಯ ಅಂಚಿನಲ್ಲಿ, ಕೈಗೆಟುಕುವಂತೆ ಇರುತ್ತದೆ. ದೂರದಲ್ಲಿ ಮೂಲೆಗೆ ನೆಟ್ಟದ್ದು ಯಾರಿಗೂ ಸಿಗದೆ ಬಲಿತು ಹಾಳಾಗುತ್ತದೆ.

ಏಕೆಂದರೆ ನಿಮಗೆ ಎದುರಾಗುವ ದೊಡ್ಡ ತೊಂದರೆ ಕಳ್ಳತನ ಅಲ್ಲ, ಸಂಕೋಚ. ಮೊದಲ ಎರಡು ತಿಂಗಳು ಕೂಲಿಯವರು, ಮನೆಕೆಲಸದವರು ಕೈ ಹಾಕುವುದೇ ಇಲ್ಲ, ಯಾರಾದರೂ ಬೈದಾರು ಅಂತ. ಪಾರ್ಕಿನ ವಾಚ್‌ಮನ್‌ಗೆ ಹೇಳದೇ ಇದ್ದರೆ ಅವರೇ ಓಡಿಸುತ್ತಾರೆ. ಅವರಿಗೆ ಮೊದಲು ಹೇಳಿ, ಮೊದಲ ಸೊಪ್ಪು ಅವರ ಮನೆಗೇ ಹೋಗಲಿ. ಫಲಕ ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ತಮಿಳು, ತೆಲುಗು, ಹಿಂದಿಯಲ್ಲೂ ಇರಲಿ: "ಇದು ಎಲ್ಲರದು. ಒಂದು ಹೊತ್ತಿನ ಸಾರಿಗೆ ಸಾಕಾಗುವಷ್ಟು ಕೀಳಿ." ಓದು ಬಾರದವರಿಗೆ ಮಡಿಗೊಂದು ಬಣ್ಣದ ಕೋಲು: ಹಸಿರು ಇದ್ದರೆ ಕೀಳಬಹುದು, ಕೆಂಪು ಇದ್ದರೆ ಇನ್ನೂ ಎಳೆಯದು. ಕೋಲು ಬದಲಾಯಿಸುವುದು ಭಾನುವಾರದ ಮೊದಲ ಕೆಲಸ.

ಹೊಂಗೆನೆರಳು:

ಮೂವರಿಗೂ ಧನ್ಯವಾದ. ಹರಾಜಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಪಕ್ಕದ ಅಪಾರ್ಟ್‌ಮೆಂಟಿನವರು ಎಸ್‌ಟಿಪಿ ನೀರು (ಶುದ್ಧೀಕರಿಸಿದ ಕೊಳಚೆ ನೀರು) ಪುಕ್ಕಟೆ ಕೊಡುತ್ತೇವೆ ಅನ್ನುತ್ತಿದ್ದಾರೆ, ಬಳಸಬಹುದಾ? ಹುಳ ಬಿದ್ದರೆ ಏನು ಸಿಂಪಡಿಸುವುದು? ರಸ್ತೆ ಪಕ್ಕ ಆದ್ದರಿಂದ ಸೀಸದ ಭಯವೂ ಇದೆ.

ಮಣ್ಣುಹುಳ:

ಎಸ್‌ಟಿಪಿ ನೀರು ಸೊಪ್ಪಿನ ಮಡಿಗೆ ಬೇಡ. ಶುದ್ಧೀಕರಣ ಒಂದು ದಿನ ಕೆಟ್ಟರೂ ಹೊರಗಿನಿಂದ ಗೊತ್ತಾಗುವುದಿಲ್ಲ, ಹಸಿ ತಿನ್ನುವ ಸೊಪ್ಪಿಗೆ ಅದು ಸೇರಬಾರದು. ಸೀಬೆ, ನಿಂಬೆ, ನುಗ್ಗೆಯ ಬುಡಕ್ಕೆ ಮಾತ್ರ, ಪ್ರತ್ಯೇಕ ಪೈಪಿನಲ್ಲಿ ಕೊಡಿ. ಆ ಪೈಪಿಗೆ ಬೇರೆ ಬಣ್ಣ ಬಳಿದು "ಕುಡಿಯುವ ನೀರಲ್ಲ" ಅಂತ ಬರೆಯಿರಿ, ಬಿಸಿಲಲ್ಲಿ ಬಂದವರು ಬಾಯಿ ಹಾಕುತ್ತಾರೆ.

ಸೀಸ: ಸೀಸ ಬೆರೆಸಿದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತಿತು, ಆದರೆ ಮಣ್ಣಿಗೆ ಬಿದ್ದ ಸೀಸ ಅಲ್ಲೇ ಇರುತ್ತದೆ. ಹಳೇ ಮನೆಯ ಬಣ್ಣದ ಚಕ್ಕೆ ಡೆಬ್ರಿಯಲ್ಲಿ ಸೇರಿರುತ್ತದೆ. ಹೊಸ ಮಣ್ಣಿನ ಎತ್ತರದ ಮಡಿ ಅದಕ್ಕೂ ಪರಿಹಾರ. ರಸ್ತೆಯ ಧೂಳು ಕೂರುವುದು ಎಲೆ ಮೇಲೆ, ಆದ್ದರಿಂದ ರಸ್ತೆಯ ಕಡೆಯ ಕೊನೆಯಲ್ಲಿ ಬದನೆ, ಮೆಣಸಿನಕಾಯಿ, ಬೆಂಡೆ ಹಾಕಿ ಸೊಪ್ಪನ್ನು ಒಳಗಿಡಿ. ಹೊರಗಿನಿಂದ ತರಿಸುವ ಕೆಂಪು ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕೃಷಿ ಇಲಾಖೆಯ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್ ಬರುತ್ತದೆ, ಸೀಸ ಬರುವುದಿಲ್ಲ. ಭಾರಲೋಹದ ಪರೀಕ್ಷೆ ಅಂತಲೇ ಬೇರೆ ಕೇಳಿ ಮಾಡಿಸಬೇಕು.

ಬಸಳೆಚಪ್ಪರ:

ರಾಸಾಯನಿಕ ಯಾವುದೂ ಬೇಡ. ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿಯ ಮೇಲೆ ಇರುತ್ತದೆ. ಬೆಳಗ್ಗೆ ಹೊಡೆದದ್ದನ್ನು ಮಧ್ಯಾಹ್ನ ಯಾರೋ ಕಿತ್ತುಕೊಂಡು ಹೋಗುವ ತೋಟದಲ್ಲಿ ಆ ನಿಯಮ ಪಾಲಿಸಲು ಸಾಧ್ಯವೇ ಇಲ್ಲ. ಹಿಟ್ಟು ತಿಗಣೆಗೆ ಪೈಪಿನ ನೀರು ಜೋರಾಗಿ ಹಾಯಿಸಿ. ಗಿಡಹೇನಿಗೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಕಲಕಿ ಆಮೇಲೆ ಉಳಿದ ನೀರಿಗೆ ಸೇರಿಸಿ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಎಲೆ ಸುಡುತ್ತದೆ. ಸಂಜೆ ಹೊಡೆಯಿರಿ. ಹೊಡೆದ ಮಡಿಗೆ ಮೂರು ದಿನ ಕೆಂಪು ಕೋಲು. ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬರುತ್ತದಲ್ಲ, ಅವರಿಗೂ ಈ ಜಾಗ ತಿಳಿಸಿ. ಬಂದುಹೋದ ದಿನ ಎಲ್ಲ ಮಡಿಗೂ ಕೆಂಪು ಕೋಲು ಹಾಕಿ.

ಬೆಂಡೆಗೆ ಅರ್ಕಾ ಅನಾಮಿಕಾ ತಳಿ ತನ್ನಿ, ಹಳದಿ ನಂಜುರೋಗ ತಡೆಯಲೆಂದೇ ರೂಪಿಸಿದ್ದು. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಮೂರು ರೋಗ ತಡೆಯುವ ಹೈಬ್ರಿಡ್, ಅದರ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕೆಂದರೆ ಅರ್ಕಾ ವಿಕಾಸ್.

ಮಳೆ ಶುರುವಾದ ಕೂಡಲೇ ಆಫ್ರಿಕನ್ ಬಸವನಹುಳು ಬರುತ್ತದೆ, ಒಂದೇ ರಾತ್ರಿಗೆ ಎಳೇ ಹರಿವೆ ಮಡಿ ಬೋಳಾಗುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಸಿಪ್ಪೆ ಇಡಿ, ಬೆಳಗ್ಗೆ ಆರರೊಳಗೆ ಗೋಣಿ ಎತ್ತಿ ಹುಳು ಆಯ್ದು ಗಾಢ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಕೈಗವಸು ಕಡ್ಡಾಯ, ಅದರ ಲೋಳೆಯಲ್ಲಿ ಮನುಷ್ಯರ ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಇರಬಹುದು. ಅದೇ ಕಾರಣಕ್ಕೆ ಮಳೆಗಾಲದಲ್ಲಿ "ಸೊಪ್ಪನ್ನು ಎಲೆ ಎಲೆ ಬಿಡಿಸಿ ಮೂರು ನೀರಲ್ಲಿ ತೊಳೆದು ಬೇಯಿಸಿ" ಅಂತ ಪ್ರತಿ ಮಡಿಯ ಮೇಲೂ ಬರೆಸಿ. ಅಂಗಡಿಯಲ್ಲಿ ಸಿಗುವ ಬಸವನಹುಳುವಿನ ವಿಷದ ಗುಳಿಗೆ ತರಬೇಡಿ, ಬೀದಿನಾಯಿ ತಿಂದು ಸಾಯುತ್ತವೆ. ಜೂನ್ ಮೊದಲ ವಾರದಿಂದ ದಿನಾ ಬೆಳಗ್ಗೆ ಗೋಣಿ ಎತ್ತಲು ಯಾರಾದರೂ ಒಬ್ಬರು ಬೇಕು, ಭಾನುವಾರಕ್ಕೆ ಬಿಟ್ಟರೆ ಆಗುವುದಿಲ್ಲ. ಪಾರ್ಕಿಗೆ ವಾಕಿಂಗ್ ಬರುವವರಲ್ಲಿ ಇಬ್ಬರನ್ನು ಈಗಲೇ ಒಪ್ಪಿಸಿಟ್ಟುಕೊಳ್ಳಿ.